ಅಮೆಜಾನ್ ಕಾಡಿನ ಲೆಕ್ಕ, ಟೆಕ್ಸಾಸ್ ಹೊಳೆಯ ನೆರೆ

2015ರ ಮೇ 23ರ ರಾತ್ರಿ ಅಮೆರಿಕದ ಟೆಕ್ಸಾಸ್‌ನ ವಿಂಬರ್ಲಿಯಲ್ಲಿ ಬ್ಲಾಂಕೊ ನದಿ ಕೆಲವೇ ತಾಸುಗಳಲ್ಲಿ 40 ಅಡಿ ದಾಟಿತು. 1929ರ ಹಳೆಯ ದಾಖಲೆ 33 ಅಡಿ ಚಿಲ್ಲರೆ. ದಡದಲ್ಲಿ ತಲೆತಲಾಂತರದಿಂದ ನಿಂತಿದ್ದ ಸೈಪ್ರೆಸ್ ಮರಗಳು ಬುಡಮೇಲಾದವು, ಮನೆಗಳು ಕೊಚ್ಚಿಹೋದವು. ಆ ಸೀಮೆಗೆ ಇರುವ ಅಡ್ಡಹೆಸರೇ 'ಫ್ಲ್ಯಾಶ್ ಫ್ಲಡ್ ಆಲಿ', ದಿಢೀರ್ ನೆರೆಯ ಓಣಿ.

ಇಂಥ ರಾತ್ರಿ ಯಾರ ಮನೆಗೆ ನೀರು ನುಗ್ಗೀತು?

ಎಂಜಿನಿಯರುಗಳ ಬಳಿ ಉತ್ತರ ಇರಲಿಲ್ಲವೆಂದಲ್ಲ. ಅಮೆರಿಕದ ಸೇನಾ ಎಂಜಿನಿಯರುಗಳು 1968ರಲ್ಲಿ ಹೆಕ್-2, 1995ರಲ್ಲಿ ಹೆಕ್-ರಾಸ್ ಎಂಬ ತಂತ್ರಾಂಶ ತಂದಿದ್ದರು. ನದಿಯ ಪಾತ್ರವನ್ನು ಅಡ್ಡಡ್ಡ ಅಳೆದು, ತಳದ ಒರಟುತನ ಲೆಕ್ಕಹಾಕಿ ನೆರೆಯ ನಕ್ಷೆ ಬಿಡಿಸುವ ಸಾಧನ ಅದು. ವಿಮೆಯ ಲೆಕ್ಕಕ್ಕೆ ಅದು ಸರಿ, ಆದರೆ ಸಾವಿರಾರು ಸಣ್ಣ ಹಳ್ಳಗಳಿಗೆ ಅಷ್ಟು ಅಳತೆ ಮಾಡುವವರು ಯಾರು? ನೆರೆಯನ್ನು ಆಕಾಶದಿಂದಲೇ ನೋಡೋಣವೆಂದರೆ, ರಾಡಾರ್ ಉಪಗ್ರಹಕ್ಕೆ ಮೋಡದ ಆಚೆಗೂ ಕಾಣುತ್ತದೆ, ನಿಜ. ಆದರೆ 2014ರಲ್ಲಿ ಹಾರಿದ ಸೆಂಟಿನೆಲ್-1 ಅದೇ ಹಾದಿಗೆ ಮರಳಲು 12 ದಿನ ಬೇಕು. ಅಷ್ಟರಲ್ಲಿ ಜನ ಮನೆಯ ಕೆಸರು ಬಾಚಿ ಮುಗಿಸಿರುತ್ತಾರೆ.

ದಾರಿ ತೋರಿದ್ದು ನೆರೆಗೆ ಸಂಬಂಧವೇ ಇಲ್ಲದ ಕೆಲಸ. ಬ್ರೆಜಿಲ್‌ನ ಕಮಿಲೊ ರೆನ್ನೊ, ಆಂಟೋನಿಯೊ ನೋಬ್ರೆ ಮತ್ತು ಸಂಗಡಿಗರು ಅಮೆಜಾನ್ ಕಾಡಿನ ಮರಗಳಡಿ ಎಲ್ಲಿ ಜೌಗು, ಎಲ್ಲಿ ಒಣನೆಲ ಎಂದು ಗುರುತಿಸಲು 2008ರಲ್ಲಿ 'ಹ್ಯಾಂಡ್' ಎಂಬ ಅಳತೆಯನ್ನು ಪ್ರಕಟಿಸಿದರು. ಹೆಸರಿಗೆ ತಕ್ಕಂತೆ ಕೈಲೆಕ್ಕದಷ್ಟೇ ಸರಳ. ನಿಮ್ಮ ಅಂಗಳದಲ್ಲಿ ಚೆಲ್ಲಿದ ನೀರು ಹರಿದು ಯಾವ ಹಳ್ಳ ಸೇರುತ್ತದೆ? ಆ ಹಳ್ಳಕ್ಕಿಂತ ಅಂಗಳ 6 ಮೀಟರ್ ಎತ್ತರದಲ್ಲಿದ್ದರೆ, 7 ಮೀಟರ್ ನೀರು ಬಂದ ದಿನ ಅಂಗಳದಲ್ಲಿ 1 ಮೀಟರ್ ನೀರು. ಅಷ್ಟೇ.

ಟೆಕ್ಸಾಸ್ ವಿಶ್ವವಿದ್ಯಾಲಯದ ಡೇವಿಡ್ ಮೇಡ್‌ಮೆಂಟ್ ಮುಂತಾದವರು ಇದನ್ನೇ ಅಮೆರಿಕದ ಸುಮಾರು 27 ಲಕ್ಷ ಹೊಳೆತುಂಡುಗಳಿಗೆ ಹಚ್ಚಿದರು. 2018ರಲ್ಲಿ ಸಂಶೋಧಕರು ಹ್ಯಾಂಡನ್ನೂ ಸೇನಾ ಎಂಜಿನಿಯರುಗಳ 'ಆಟೋರೂಟ್' ಎಂಬ ಇನ್ನೊಂದು ಸರಳ ವಿಧಾನವನ್ನೂ ಹೆಕ್-ರಾಸ್ ಜತೆ ಒರೆಗೆ ಹಚ್ಚಿದರು, ಅಯೋವಾದ ಸೀಡರ್ ಮತ್ತು ಅಲಬಾಮಾದ ಬ್ಲ್ಯಾಕ್ ವಾರಿಯರ್ ನದಿಗಳ ಮೇಲೆ. ಸರಳ ವಿಧಾನಗಳು ಎಡವಿದ್ದು ಮುಖ್ಯವಾಗಿ ಹೊಳೆಗಳು ಕೂಡುವಲ್ಲಿ: ದೊಡ್ಡ ನದಿ ತುಂಬಿದಾಗ ಚಿಕ್ಕದರ ನೀರು ಹಿಂದಕ್ಕೆ ಒತ್ತುವುದು ಅವುಗಳ ಲೆಕ್ಕದಲ್ಲೇ ಇಲ್ಲ. ಈ ಕುಂದು ಚಿಕ್ಕದಲ್ಲ, ಊರುಗಳು ಬೆಳೆದಿರುವುದೇ ಸಂಗಮಗಳಲ್ಲಿ. ಆದರೂ ನೆರೆಯ ರಾತ್ರಿ ಹೊತ್ತಿಗೆ ಸಿಗುವ ಒರಟು ನಕ್ಷೆಯೇ ಮೇಲು.

2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹವಾಮಾನ ಸೇವೆ ಹ್ಯಾಂಡ್ ಆಧಾರಿತ ಮುಳುಗಡೆ ನಕ್ಷೆಗಳನ್ನು ಪ್ರಾಯೋಗಿಕವಾಗಿ ಜನರಿಗೆ ತೆರೆಯಿತು. ಮೊದಲ ಹಂತದಲ್ಲಿ ಅವು ತಲುಪಿದ್ದು ದೇಶದ ಶೇ. 10ರಷ್ಟು ಜನರಿಗೆ, ಟೆಕ್ಸಾಸ್‌ನ ಪೂರ್ವಭಾಗ ಅದರಲ್ಲಿತ್ತು.