ತೂತಿನೊಳಗಿದ್ದ ಚಿನ್ನ ಎಲ್ಲಿಗೆ ಹೋಯಿತು?

ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಕೊಟ್ಟ ಚಿನ್ನದ ತೂಕಕ್ಕೂ ಕೈಗೆ ಬಂದ ಒಡವೆಯ ತೂಕಕ್ಕೂ ತಾಳೆಯಾಗದಿದ್ದಾಗ ಹುಟ್ಟಿದ ಮಾತು ಅದು. ಆ ವ್ಯತ್ಯಾಸದಲ್ಲಿ ಕೈಚಳಕದ ಪಾಲೆಷ್ಟು, ಉಪಕರಣದ ಪಾಲೆಷ್ಟು ಎಂದು ಗಾದೆ ಕಟ್ಟಿದವರು ವಿಚಾರಿಸಲಿಲ್ಲ. ರಸಾಯನಶಾಸ್ತ್ರವನ್ನೇ ಕಸುಬು ಮಾಡಿಕೊಂಡ ನನ್ನಂಥವರಿಗೆ ದ್ರವ್ಯ ಮಾಯವಾಗುವುದಿಲ್ಲವೆಂಬ ನಂಬಿಕೆ ರಕ್ತಗತವಾದದ್ದು. ಆದ್ದರಿಂದ ಒಡವೆಯ ತಗಡಿನಲ್ಲಿ ಕಾಣುವ ಸಣ್ಣ ತೂತನ್ನು ನೋಡಿದಾಗಲೆಲ್ಲ ಇಲ್ಲಿದ್ದ ಲೋಹ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಏಳುತ್ತದೆ. ತೂತು ಮಾಡುವ ಕೈ ಉಪಕರಣಗಳ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತ ತಿರುಗುತ್ತದೆಂದು ನನ್ನ ಅಭಿಪ್ರಾಯ.

ತೆಳು ತಗಡಿನಲ್ಲಿ ತೂತು ಮಾಡಲು ಮುಖ್ಯವಾಗಿ ಮೂರು ದಾರಿಗಳುಂಟು. ದಬ್ಬಣದಂಥ ಮೊನೆಯಿಂದ ಚುಚ್ಚಬಹುದು. ಆಗ ಲೋಹ ಎಲ್ಲಿಗೂ ಹೋಗದೆ ಪಕ್ಕಕ್ಕೆ ಸರಿದು ಹಿಂಬದಿಯಲ್ಲಿ ಅಂಚುಗಟ್ಟಿ ನಿಲ್ಲುತ್ತದೆ. ಚಪ್ಪಟೆ ತುದಿಯ ಪಂಚನ್ನು, ತಕ್ಕ ಅಳತೆಯ ಕುಳಿಯಿರುವ ಅಚ್ಚಿನ ಮೇಲೆ ತಗಡಿಟ್ಟು, ಒತ್ತಬಹುದು. ಆಗ ತೂತಿನಷ್ಟೇ ಅಗಲದ ಪುಟ್ಟ ಬಿಲ್ಲೆಯೊಂದು ಕಳಚಿ ಕೆಳಗೆ ಬೀಳುತ್ತದೆ. ಇಲ್ಲವೇ ಬೈರಿಗೆಯಿಂದ ಕೊರೆಯಬಹುದು. ಆಗ ಲೋಹ ಪುಡಿಯಾಗಿ ಕೈಗೆ, ಬಟ್ಟೆಗೆ, ನೆಲಕ್ಕೆ ಅಂಟುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಅರ್ಧ ಮಿಲಿಮೀಟರ್ ದಪ್ಪದ 22 ಕ್ಯಾರೆಟ್ ತಗಡಿನಲ್ಲಿ ಒಂದು ಮಿಲಿಮೀಟರ್ ವ್ಯಾಸದ ತೂತು ಮಾಡಿದರೆ ಹೊರಬರುವ ಚಿನ್ನ ಸುಮಾರು 7 ಮಿಲಿಗ್ರಾಂ. ಜಾಲರಿ ಕೆಲಸದ ಒಡವೆಗೆ ಅಂಥ ನೂರು ತೂತು ಬೇಕಾದರೆ 0.7 ಗ್ರಾಂ, ಎಂದರೆ ಸುಮಾರು ಆರು ಗುಲಗಂಜಿ ತೂಕ! ಬಿಲ್ಲೆಗಳಾಗಿ ಬಿದ್ದರೆ ಎಣಿಸಿ ಹಿಂದಕ್ಕೆ ಕೊಡಬಹುದು. ಪುಡಿಯಾಗಿ ಹಾರಿದರೆ ಅಷ್ಟನ್ನೂ ಲೆಕ್ಕ ಒಪ್ಪಿಸುವುದು ಎಂಥ ಪ್ರಾಮಾಣಿಕನಿಗೂ ಕಷ್ಟವೇ.

ಚರಿತ್ರೆಗೆ ಬರೋಣ. ಬಲ್ಗೇರಿಯದ ವಾರ್ನಾದಲ್ಲಿ 1972ರಲ್ಲಿ ಪತ್ತೆಯಾದ ಸಮಾಧಿಗಳಲ್ಲಿ ಆರು ಸಾವಿರ ವರ್ಷಕ್ಕೂ ಹಿಂದಿನ ಚಿನ್ನ ದೊರೆಯಿತು. ಅದರಲ್ಲಿ ಎತ್ತಿನ ಆಕಾರಕ್ಕೆ ಕತ್ತರಿಸಿದ ಎರಡು ತೆಳು ತಗಡುಗಳಿವೆ. ಬಟ್ಟೆಗೆ ಹೊಲಿಯಲೆಂದು ಅಂಚಿನುದ್ದಕ್ಕೂ ಸಣ್ಣ ತೂತುಗಳು. ಕಬ್ಬಿಣ ಕರಗಿಸುವ ವಿದ್ಯೆ ಇನ್ನೂ ತಿಳಿಯದ ಕಾಲ ಅದು. ಚಿನ್ನ ಅಷ್ಟು ಮೆತುವಾದ ಲೋಹವಾದ್ದರಿಂದ ತಾಮ್ರದ ಮೊನೆಯೂ ಮೂಳೆಯ ಮೊನೆಯೂ ಸಾಕಾಗುತ್ತಿದ್ದವು.

ನಾವು ನೆಲೆಸಿರುವ ಈ ಇಂಗ್ಲೆಂಡಿನಲ್ಲೇ ಇನ್ನೂ ಸೊಗಸಾದ ಸಾಕ್ಷಿಯಿದೆ. ಸಫೋಕಿನ ಹಾಕ್ಸನ್ ಹಳ್ಳಿಯಲ್ಲಿ 1992ರ ನವೆಂಬರಿನಲ್ಲಿ ರೈತನೊಬ್ಬನ ಕಳೆದುಹೋದ ಸುತ್ತಿಗೆಯನ್ನು ಹುಡುಕಲು ಹೋದವರಿಗೆ ರೋಮನ್ ನಿಧಿಯೇ ಸಿಕ್ಕಿತು. (ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂ ಸೇರಿದೆ.) ಐದನೆಯ ಶತಮಾನದ ಆರಂಭದಲ್ಲಿ ಹೂತಿಟ್ಟ ಆ ನಿಧಿಯಲ್ಲಿ ಜಾಲರಿಯಂತೆ ತೂತು ತೂತಾದ ಚಿನ್ನದ ಬಳೆಗಳಿವೆ. ಒಂದರ ಮೇಲೆ ಯೂಲಿಯಾನೆ ಎಂಬ ಒಡತಿಗೆ ಇದನ್ನು ಸುಖವಾಗಿ ತೊಡು ಎಂಬ ಹಾರೈಕೆಯನ್ನೇ ಜಾಲರಿಯ ಅಕ್ಷರಗಳಲ್ಲಿ ಬಿಡಿಸಿದ್ದಾರೆ. ಇಂದಾದರೆ ಇಂಥ ಕೆಲಸಕ್ಕೆ ಕೂದಲೆಳೆಯಂಥ ಗರಗಸ ಬಳಸುತ್ತೇವೆ. ರೋಮನ್ ಅಕ್ಕಸಾಲಿಗರು ಮೊದಲು ತಗಡನ್ನು ತೂರಿ, ಆಮೇಲೆ ಸಣ್ಣ ಉಳಿಯಿಂದ ತೂತನ್ನು ಬೇಕಾದ ಆಕಾರಕ್ಕೆ ಬಿಡಿಸುತ್ತಿದ್ದರು. ಗರಗಸ ಪುಡಿ ಮಾಡುವಲ್ಲಿ ಉಳಿ ಚೂರನ್ನು ಎಬ್ಬಿಸುತ್ತದೆ, ಚೂರನ್ನು ಆಯ್ದುಕೊಳ್ಳಬಹುದು. ಗರಗಸವಿಲ್ಲದ್ದು ಒಂದು ಕೊರತೆಯೆಂದು ನಾವು ಮರುಗಬೇಕಾಗಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಥಿಯೋಫಿಲಸ್ ಎಂಬ ಕ್ರೈಸ್ತ ಸನ್ಯಾಸಿ ಲ್ಯಾಟಿನ್ನಿನಲ್ಲಿ ಕುಶಲಕಲೆಗಳ ಬಗ್ಗೆ ಗ್ರಂಥ ಬರೆದ. ತೆಳು ತಾಮ್ರದ ತಗಡಿನ ಮೇಲೆ ಚಿತ್ರ ಬರೆದು, ಹಿನ್ನೆಲೆಯನ್ನು ಉಳಿಯಿಂದ ಕತ್ತರಿಸಿ ತೆಗೆದು, ಅಂಚನ್ನು ಅರದಿಂದ ತಿದ್ದುವ ಕ್ರಮವನ್ನು ಅವನು ವಿವರಿಸುತ್ತಾನೆ. ಕಬ್ಬಿಣದ ಉಪಕರಣಗಳಿಗೆ ಹದ ಕೊಡಲು ನೀರಿಗಿಂತ ಕೆಂಪು ಕೂದಲಿನ ಚಿಕ್ಕ ಹುಡುಗನ ಮೂತ್ರ ಉತ್ತಮವೆಂದೂ ಅವನೇ ಹೇಳುತ್ತಾನೆ! ನಗುವ ಮುನ್ನ ಸ್ವಲ್ಪ ಯೋಚಿಸಬೇಕು. ಕೆಂಪಗೆ ಕಾದ ಉಕ್ಕನ್ನು ಬರಿಯ ನೀರಿಗೆ ಅದ್ದಿದರೆ ಸುತ್ತಲೂ ಆವಿಯ ಪೊರೆ ಕಟ್ಟಿ ಶಾಖ ಹೊರಹೋಗಲು ತಡೆಯಾಗುತ್ತದೆ. ಉಪ್ಪಿನಂಶವಿದ್ದರೆ ಆ ಪೊರೆ ಬೇಗ ಒಡೆದು ಉಕ್ಕು ಬೇಗ ತಣಿಯುತ್ತದೆ, ಹೆಚ್ಚು ಗಡುಸಾಗುತ್ತದೆ. ಮೂತ್ರದಲ್ಲಿ ಉಪ್ಪಿದೆ. ಕೂದಲಿನ ಬಣ್ಣದಿಂದ ಮಾತ್ರ ಯಾವ ಪ್ರಯೋಜನವೂ ಇಲ್ಲ.

ಹದಿನೆಂಟನೆಯ ಶತಮಾನದಿಂದ ಬರ್ಮಿಂಗ್‌ಹ್ಯಾಂ ಮುಂದೆ ಬಂತು. ತಿರುಪಿನ ಮೇಲೆ ಭಾರದ ತೋಳು ಜೋಡಿಸಿದ ಕೈಪ್ರೆಸ್ಸನ್ನು ಒಮ್ಮೆ ಎಳೆದರೆ ಪಂಚ್ ನೇರವಾಗಿ ಇಳಿದು ಒಂದೇ ಏಟಿಗೆ ತೂತಾಗುತ್ತಿತ್ತು. ಗುಂಡಿ, ಪದಕ, ಬರೆಯುವ ಉಕ್ಕಿನ ನಿಬ್ಬು, ಎಲ್ಲಕ್ಕೂ ಇದೇ ಸಾಧನ. ನಿಬ್ಬಿನ ನಡುವೆ ತೂತು ಹೊಡೆಯುತ್ತಿದ್ದವರು ಬಹುಪಾಲು ಹೆಂಗಸರು. ಆ ಊರಿನ ಒಡವೆ ಕಾರ್ಖಾನೆಗಳಲ್ಲಿ ಚಿನ್ನದ ಪುಡಿಯ ಬಗ್ಗೆ ಇದ್ದ ಎಚ್ಚರ ನೋಡುವಂಥದು. 1899ರಲ್ಲಿ ಆರಂಭವಾಗಿ 1981ರಲ್ಲಿ ಬಾಗಿಲು ಮುಚ್ಚಿದ ಸ್ಮಿತ್ ಅಂಡ್ ಪೆಪರ್ ಕಾರ್ಖಾನೆ 1992ರಲ್ಲಿ ವಸ್ತುಸಂಗ್ರಹಾಲಯವಾಯಿತು. ಕೆಲಸದ ಮೇಜಿನ ಅಂಚನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ ಕೆಳಗೆ ಚರ್ಮ ಕಟ್ಟಿರುತ್ತಾರೆ. ಉದುರಿದ ಪುಡಿಯೆಲ್ಲ ಅದರೊಳಕ್ಕೆ. ನೆಲದ ಕಸವನ್ನೂ ಕೈ ತೊಳೆದ ನೀರನ್ನೂ ಆ ಬಡಾವಣೆಯಲ್ಲಿ ಸುಮ್ಮನೆ ಚೆಲ್ಲುತ್ತಿರಲಿಲ್ಲ. ನಮ್ಮ ಕಡೆಯ ಜಲಗಾರರು ಅಕ್ಕಸಾಲಿಗರ ಅಂಗಡಿಯ ಕಸವನ್ನೂ ಚರಂಡಿಯ ಮಣ್ಣನ್ನೂ ತೊಳೆದು ಸೋಸಿ ಚಿನ್ನದ ಕಣ ಆಯುತ್ತಿದ್ದುದೂ ಇದೇ ಕೆಲಸವೇ. ಅಲ್ಲಿ ಆ ಚಿನ್ನ ಧಣಿಯ ಲೆಕ್ಕಕ್ಕೆ ಸೇರುತ್ತಿತ್ತು, ಇಲ್ಲಿ ಬಡವನೊಬ್ಬನ ಹೊಟ್ಟೆ ಹೊರೆಯುತ್ತಿತ್ತು. ಅಕ್ಕಸಾಲಿಗನೇ ಎಲ್ಲವನ್ನೂ ನುಂಗಿದ್ದರೆ ಜಲಗಾರನಿಗೆ ಉದ್ಯೋಗವೇ ಇರುತ್ತಿರಲಿಲ್ಲವೆಂಬುದನ್ನು ಗಾದೆ ಹೇಳುವವರು ಗಮನಿಸಬೇಕು.

ಉಪಕರಣಕ್ಕೂ ಲೋಹಕ್ಕೂ ಇರುವ ನಂಟು ಎಷ್ಟು ಬಿಗಿಯೆಂಬುದು 1963ರ ಜನವರಿಯಲ್ಲಿ ಭಾರತದ ಅಕ್ಕಸಾಲಿಗರಿಗೆ ತಿಳಿದಷ್ಟು ಯಾರಿಗೂ ತಿಳಿದಿರಲಾರದು. ಅಂದಿನ ಅರ್ಥಸಚಿವ ಮೊರಾರ್ಜಿ ದೇಸಾಯಿಯವರು ತಂದ ಚಿನ್ನ ನಿಯಂತ್ರಣ ನಿಯಮಗಳ ಪ್ರಕಾರ 14 ಕ್ಯಾರೆಟ್ಟಿಗೆ ಮೇಲ್ಪಟ್ಟ ಹೊಸ ಒಡವೆ ಮಾಡುವಂತಿರಲಿಲ್ಲ. ಗಿರಾಕಿಗಳು ಅಂಥ ಒಡವೆಯನ್ನು ಮೂಸಿಯೂ ನೋಡಲಿಲ್ಲ. ಎಷ್ಟೋ ಮನೆಗಳಲ್ಲಿ ಅಗ್ಗಿಷ್ಟಿಕೆ ಆರಿಹೋಯಿತು. ಇದರ ಜೊತೆಗೆ ಕಸುಬಿನ ಕಷ್ಟವೊಂದಿತ್ತು, ಅದನ್ನು ಪತ್ರಿಕೆಗಳು ಅಷ್ಟಾಗಿ ಎತ್ತಿ ಆಡಲಿಲ್ಲ. ಶೇಕಡ 42ರಷ್ಟು ತಾಮ್ರ, ಬೆಳ್ಳಿ ಮುಂತಾದವು ಬೆರೆತ ಈ ಲೋಹ 22 ಕ್ಯಾರೆಟ್ಟಿಗಿಂತ ಬಹಳ ಗಡುಸು. ಬಡಿದಂತೆಲ್ಲ ಇನ್ನೂ ಗಡುಸಾಗುತ್ತದೆ. ಮತ್ತೆ ಮತ್ತೆ ಕಾಯಿಸಿ ಮೆತುವಾಗಿಸದೆ ತೂತು ಹೊಡೆದರೆ ತಗಡು ಸೀಳುತ್ತದೆ, ಪಂಚಿನ ಅಂಚು ಮೊಂಡಾಗುತ್ತದೆ. ಮೆತು ಚಿನ್ನಕ್ಕೆ ಒಗ್ಗಿದ ಕೈಯನ್ನು ಸರಕಾರಿ ಗೆಜೆಟ್ಟಿನಿಂದ ತಿದ್ದಲಾಗುವುದಿಲ್ಲ. 14 ಕ್ಯಾರೆಟ್ಟಿನ ನಿರ್ಬಂಧ 1966ರಲ್ಲಿ ಹೋಯಿತು. 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರವರೆಗೂ ಇತ್ತು.

ನಮ್ಮ ಬಳಗದ ಕೆಲವರು ಬಿಡುವಿನ ವೇಳೆಯಲ್ಲಿ ತಾಮ್ರ, ಬೆಳ್ಳಿಯ ಓಲೆ ಮಾಡುವುದುಂಟು. ಅವರ ಸಲುವಾಗಿ ನಾಲ್ಕು ಮಾತು. ಅಂಗಡಿಯಲ್ಲಿ ಸಿಗುವ ಪಂಚ್ ಇಕ್ಕಳ ತೆಳುವಾದ ಮೆತು ತಗಡಿಗೆ, ಅದೂ ಅಂಚಿನ ಹತ್ತಿರದ ತೂತಿಗೆ ಮಾತ್ರ. ಎರಡು ಅಳತೆಯ ತಿರುಪು ಪಂಚ್ ನಿಧಾನವಾದರೂ ನೇರವಾಗಿ ಇಳಿಯುತ್ತದೆ. ಹೊಸಬರಿಗೆ ಅದೇ ಮೇಲು. ದಪ್ಪ ತಗಡಿಗೂ ಅಂಚಿನಿಂದ ದೂರದ ತೂತಿಗೂ ವಿಟ್ನಿ ಎಂಬ ಅಮೆರಿಕನ್ ಹೆಸರಿನಲ್ಲಿ ಬರುವ ಸನ್ನೆಕೋಲಿನ ಪಂಚ್ ಒಳ್ಳೆಯದು, ಬೆಲೆ ಸ್ವಲ್ಪ ಜಾಸ್ತಿ. ಯಾವುದಾದರೂ ಸರಿ, ತಗಡಿನ ದಪ್ಪಕ್ಕಿಂತ ಸಣ್ಣ ತೂತು ಹೊಡೆಯಲು ಹೋಗಬೇಡಿ, ಪಂಚ್ ಮುರಿಯುತ್ತದೆ. ಪಂಚಿಗೂ ಅಚ್ಚಿಗೂ ನಡುವೆ ಸಂದು ಹೆಚ್ಚಾದರೆ ತೆಳು ತಗಡು ಕತ್ತರಿಸುವ ಬದಲು ಒಳಕ್ಕೆ ಎಳೆದುಕೊಂಡು ಹೋಗಿ ಅಂಚು ಮುಳ್ಳುಮುಳ್ಳಾಗುತ್ತದೆ. ಕೊಳ್ಳುವಾಗ ಕಾಗದವೊಂದನ್ನು ತೂತು ಮಾಡಿ ಪರೀಕ್ಷಿಸಿ ನೋಡಬಹುದು.

ಬಿದ್ದ ಬಿಲ್ಲೆಗಳನ್ನು ಡಬ್ಬಿಯೊಂದರಲ್ಲಿ ಹಾಕಿಡಿ. ಅವನ್ನು ಇದ್ದಿಲ ಮೇಲೆ ಬಿಡಿಬಿಡಿಯಾಗಿ ಇಟ್ಟು ಕರಗುವವರೆಗೆ ಕಾಯಿಸಿದರೆ ಮೇಲ್ಮೈ ಎಳೆತದಿಂದ ತಾವಾಗಿಯೇ ಗುಂಡಗಾಗುತ್ತವೆ. ಮೇಲೆ ಲೆಕ್ಕ ಹಾಕಿದ ಆ ಒಂದು ಮಿಲಿಮೀಟರ್ ತೂತಿನ ಚಿನ್ನದಿಂದ 0.9 ಮಿಲಿಮೀಟರ್ ವ್ಯಾಸದ ರವೆಯೊಂದು ಸಿಗುತ್ತದೆ, ಪಕ್ಕದಲ್ಲೇ ಬೆಸೆಯಲು ಹೇಳಿ ಮಾಡಿಸಿದಂಥದು.