ಶಿರಾದವರು ತುಂಬಿದ ಗಂಜಾಂ

ತುಮಕೂರಿನ ಶಿರಾ ಗೇಟ್ ಕಡೆಯವರು ರಜೆಯ ದಿನ ಬೆಳಗಿನ ಜಾವ ಮನೆ ಬಿಟ್ಟರೆ ಕುಣಿಗಲ್, ನಾಗಮಂಗಲ ದಾಟಿ ತಿಂಡಿ ಹೊತ್ತಿಗೆ ಶ್ರೀರಂಗಪಟ್ಟಣ ಮುಟ್ಟುತ್ತಾರೆ. ಕಾವೇರಿಯ ಎರಡು ಕವಲುಗಳ ನಡುವಿನ ಈ ದ್ವೀಪದ ಉದ್ದ ಐದು ಕಿಲೋಮೀಟರ್‌ ಆಸುಪಾಸು. ರಂಗನಾಥನ ದರ್ಶನ, ಟಿಪ್ಪು ಸತ್ತ ಜಾಗ, ದರಿಯಾ ದೌಲತ್, ಗುಂಬಜ್, ನಿಮಿಷಾಂಬ, ಕೊನೆಗೆ ಸಂಗಮದ ನೀರಲ್ಲಿ ಕಾಲಾಡಿಸುವುದು. ಅವಸರವಿಲ್ಲದ ಊರು, ಒಂದು ದಿನಕ್ಕೆ ಹದವಾಗಿ ಸಾಕು.

ಕೋಟೆಯಿಂದ ಗುಂಬಜಿಗೆ ಹೋಗುವಾಗ ಸಿಗುವ ಗಂಜಾಂ ಪೇಟೆಯ ಬೀದಿಗಳಲ್ಲಿ ಮಾತ್ರ ಹೆಚ್ಚಿನವರು ಗಾಡಿ ನಿಲ್ಲಿಸುವುದಿಲ್ಲ. ಶಿರಾ ಸೀಮೆಯವರಂತೂ ನಿಲ್ಲಿಸಲೇಬೇಕು. ಆ ಪೇಟೆಗೆ ಜನ ತುಂಬಿದ್ದೇ ಶಿರಾದಿಂದ.

1687ರಲ್ಲಿ ಮೊಘಲರ ಕೈಸೇರಿದ ಶಿರಾ, ಏಳು ಪರಗಣೆಗಳ ಸುಬಾದ ರಾಜಧಾನಿಯಾಯಿತು. ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳೆಲ್ಲ ಅದರ ಅಂಕೆಯಲ್ಲಿದ್ದವು. ಸುಬೇದಾರ ದಿಲಾವರ್ ಖಾನನ ಕಾಲಕ್ಕೆ ಊರು ಮೆರೆಯಿತು. ಅವನ ಅರಮನೆಯನ್ನು ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳನ್ನು ಕಟ್ಟಿದರು, ಅಲ್ಲಿನ ಖಾನ್‌ಬಾಗೇ ಬೆಂಗಳೂರಿನ ಲಾಲ್‌ಬಾಗಿಗೆ ಮೇಲ್ಪಂಕ್ತಿಯಾಗಿರಬಹುದು ಎಂದು ಹಳೆಯ ಗೆಜೆಟಿಯರ್‌ಗಳು ಬರೆಯುತ್ತವೆ. ಮುಂದೆ ಮರಾಠರು, 1761ರಲ್ಲಿ ಹೈದರಾಲಿ, ಮತ್ತೆ ಮರಾಠರು, ಮತ್ತೆ ಹೈದರ್. ಹೀಗೆ ಕೈಯಿಂದ ಕೈಗೆ ಹೋದ ಊರು ಸೊರಗಿತು. ಅದರ ಮೇಲೆ ಬಂತು ಟಿಪ್ಪುವಿನ ಹುಕುಂ. ದ್ವೀಪದಲ್ಲಿ ತಾನು ಕಟ್ಟಿಸುತ್ತಿದ್ದ ಶಹರ್ ಗಂಜಾಂಗೆ ಶಿರಾದಿಂದ 12,000 ಕುಟುಂಬಗಳನ್ನು ಅವನು ಬಲವಂತವಾಗಿ ಸಾಗಿಸಿದ. ಲೆಕ್ಕ ದುಂಡಗಿದೆ, ಒಂದಿಷ್ಟು ಉಬ್ಬಿಸಿದ್ದೂ ಇರಬಹುದು. ಅರ್ಧವೇ ನಿಜವೆಂದರೂ ಬೀದಿಬೀದಿಗಳೇ ಬರಿದಾದವು ಎಂದರ್ಥ.

ಮೊದಲು ಅರಮನೆಯ ಮಾದರಿ, ಕೊನೆಗೆ ಜನ. ಶಿರಾದಿಂದ ದ್ವೀಪಕ್ಕೆ ಹರಿದುಬಂದದ್ದು ಇಷ್ಟು.

ಬಂದವರಿಗಾದರೂ ನೆಮ್ಮದಿ ಸಿಕ್ಕಿತೇ? 1792ರಲ್ಲಿ ಕಾರ್ನ್‌ವಾಲಿಸನ ಸೈನ್ಯ ದ್ವೀಪಕ್ಕೆ ನುಗ್ಗಿ ಗಂಜಾಂ ಪೇಟೆಯನ್ನು ಹಿಡಿಯಿತು. ದ್ವೀಪದ ಮೂಡಣ ತುದಿಯ ಲಾಲ್‌ಬಾಗಿನಲ್ಲಿದ್ದ ಸುಲ್ತಾನನ ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಬಳಸಿದರು. ಅಲ್ಲಿನ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ರಾಜಧಾನಿ ಮೈಸೂರಿಗೆ ಹೋಯಿತು. ದ್ವೀಪದಲ್ಲಿ ಉಳಿದ ಇಂಗ್ಲಿಷ್ ದಂಡನ್ನೂ ಜ್ವರ, ಸೊಳ್ಳೆ ಕಾಡಿದವು. 1809ರ ಹೊತ್ತಿಗೆ ಅವರು ಬೆಂಗಳೂರಿನಲ್ಲಿ ದಂಡು ಪ್ರದೇಶ ಕಟ್ಟಿಕೊಂಡರು. ಇವತ್ತಿನ ಪ್ರವಾಸಿಗೆ ಹಿತವೆನಿಸುವ ನಿಧಾನದ ಹಿಂದೆ ಈ ಗುಳೆಗಳಿವೆ.

ದರಿಯಾ ದೌಲತ್ತಿನ ಪಡುಗೋಡೆಯ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. 1784ರ ಈ ಬೇಸಿಗೆ ಅರಮನೆ ಬಹುಪಾಲು ತೇಗದ ಮರದ್ದು. ಗೋಡೆಯ ಮೇಲಿರುವುದು 1780ರ ಪೊಳ್ಳಿಲೂರು ಕದನ: ಹೈದರ್, ಟಿಪ್ಪು, ಚೌಕಾಕಾರವಾಗಿ ಮುದುಡಿ ನಿಂತ ಇಂಗ್ಲಿಷ್ ದಂಡಿನ ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ. ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಸೋತವನ ಆ ಬೆರಳಿನಲ್ಲಿ ಚಿತ್ರಗಾರ ಇಡೀ ಯುದ್ಧವನ್ನೇ ಹೇಳಿಬಿಟ್ಟ. ಮುತ್ತಿಗೆಗೆ ಮುಂಚೆಯೇ ಹಾಳಾಗಿದ್ದ ಚಿತ್ರವನ್ನು ಮತ್ತೆ ಬರೆಸಿದವನು, ಟಿಪ್ಪುವನ್ನು ಸೋಲಿಸಿದ ಪಡೆಯ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ. ಅವನು ಇದೇ ಅರಮನೆಯಲ್ಲಿ ವಾಸವಿದ್ದ. ಆಮೇಲೆ ಬಣ್ಣ ಮಾಸಿದಾಗ 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಯಿಸಿದ. ತಾವು ಸೋತ ಕತೆಗೆ ತಾವೇ ಎರಡೆರಡು ಸಲ ಬಣ್ಣ ಹಚ್ಚಿಸಿದ ಮಂದಿ ಬೇರೆಲ್ಲಿ ಸಿಗುತ್ತಾರೋ!

ಲಾಲ್‌ಬಾಗಿನ ಅರಮನೆಗೆ ಆ ಭಾಗ್ಯ ಇರಲಿಲ್ಲ. ಅದನ್ನು ಬಿಚ್ಚಿ, ತೊಲೆಗಳನ್ನು ಘಟ್ಟ ಹತ್ತಿಸಿ, 1830ರ ಸುಮಾರಿಗೆ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬಳಸಿಕೊಂಡರು. ದ್ವೀಪದ ಕಟ್ಟಡಗಳಿಗೆ ಈ ಓಡಾಟ ಇನ್ನೂ ತಪ್ಪಿಲ್ಲ: ಜೋಡಿ ರೈಲು ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನ ಮನೆಯೊಂದನ್ನು 2017ರಲ್ಲಿ ಬುಡಸಮೇತ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ಆಚೆ ಕೂರಿಸಲಾಯಿತು.

ಗಂಜಾಂ ಅಷ್ಟಕ್ಕೇ ಮುಗಿಯಲಿಲ್ಲ. ಪಟ್ಟಣ ಬಿದ್ದ ಮೇಲೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್‌ ಹೆಸರಿನ ಚರ್ಚು ಅಲ್ಲಿದೆ. ಇಲ್ಲಿನ ಅಂಜೂರಕ್ಕೆ ಊರಿನದೇ ಹೆಸರು, ತೋಟಗಾರಿಕೆ ಪುಸ್ತಕಗಳಲ್ಲೂ ಅದು ‘ಗಂಜಾಂ’ ತಳಿ. ಇಲ್ಲಿನ ನಿಮಿಷಾಂಬೆಗೆ ಹರಕೆ ಹೊತ್ತು ಬರುವವರಿಗಂತೂ ಲೆಕ್ಕವಿಲ್ಲ, ಅವರಲ್ಲಿ ಶಿರಾ ಕಡೆಯವರೂ ಇರುತ್ತಾರೆ.