ಸ್ಕಾರ್‌ಬರೋ: ಕಡಲತೀರದ ಒಂದು ಕ್ರಿಕೆಟ್ ಕ್ಲಬ್ಬಿನ ಚರಿತ್ರೆ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ, ಉತ್ತರ ಸಮುದ್ರಕ್ಕೆ ಮುಖಮಾಡಿರುವ ಸ್ಕಾರ್‌ಬರೋ ಪಟ್ಟಣವು ಕ್ರಿಕೆಟ್ಟಿನಿಂದ ಹೆಸರಾಗುವುದಕ್ಕೆ ಬಹಳ ಮೊದಲೇ ನೀರಿನಿಂದ ಹೆಸರಾಗಿತ್ತು. 17ನೆಯ ಶತಮಾನದಲ್ಲಿ ಅಲ್ಲಿನ ಕಡಲದಂಡೆಯ ಬಂಡೆಗಳ ಬುಡದಲ್ಲಿ ಕಂಡುಬಂದ ಖನಿಜಯುಕ್ತ ಒರತೆಯ ನೀರು ರೋಗ ಕಳೆಯುತ್ತದೆಂಬ ನಂಬಿಕೆ ಹಬ್ಬಿ ಸಿರಿವಂತರು ಬರತೊಡಗಿದರು. ಮುಂದೆ ಸಮುದ್ರಸ್ನಾನವೂ ಚಿಕಿತ್ಸೆಯೆನಿಸಿಕೊಂಡು ಆ ಬರವು ಇನ್ನಷ್ಟು ಹೆಚ್ಚಿತು. 1845ರಲ್ಲಿ ಯಾರ್ಕ್ ನಗರದಿಂದ ರೈಲುಮಾರ್ಗ ತೆರೆದ ಮೇಲೆ ಸಿರಿವಂತರ ಹಿಂದೆಯೇ ಮಧ್ಯಮ ವರ್ಗದವರೂ ಕಾರ್ಖಾನೆಯ ಕೆಲಸಗಾರರೂ ರಜೆ ಕಳೆಯಲು ಅಲ್ಲಿಗೆ ಬರುವಂತಾಯಿತು. ಕ್ರಿಕೆಟ್ ಕ್ಲಬ್ಬು ಹುಟ್ಟಿದ್ದು ಇದಾದ ನಾಲ್ಕು ವರ್ಷಗಳಿಗೆ, 1849ರಲ್ಲಿ. ಬೇಸಗೆಯ ಪ್ರವಾಸಿಗರನ್ನು ಬಿಟ್ಟು ಈ ಕ್ಲಬ್ಬಿನ ಚರಿತ್ರೆಯನ್ನು ಬರೆಯಲಾಗದು.

ಎರಡು ಕೊಲ್ಲಿಗಳ ನಡುವೆ ಕಡಲೊಳಕ್ಕೆ ಚಾಚಿಕೊಂಡ ಎತ್ತರದ ನೆಲದ ಮೇಲೆ 12ನೆಯ ಶತಮಾನದ ಕೋಟೆಯೊಂದಿದ್ದು, ಮೊದಮೊದಲು ಆಟ ನಡೆಯುತ್ತಿದ್ದುದು ಆ ಕೋಟೆಗುಡ್ಡದಲ್ಲಿಯೇ. 1863ರಲ್ಲಿ ಕ್ಲಬ್ಬು ಉತ್ತರ ಕೊಲ್ಲಿಗೆ ಸಮೀಪದ ನಾರ್ತ್ ಮರೀನ್ ರಸ್ತೆಯ ಮೈದಾನಕ್ಕೆ ಸ್ಥಳಾಂತರಗೊಂಡಿತು. ಇಂದಿಗೂ ಅದೇ ಅದರ ನೆಲೆ. ಸಮುದ್ರ ಕೂಗಳತೆಯ ದೂರದಲ್ಲಿದ್ದರೂ ಮನೆಗಳ ಸಾಲು ಅದನ್ನು ಮರೆಮಾಡುತ್ತದೆ.

ಈ ಕ್ಲಬ್ಬಿಗೆ ದೇಶಮಟ್ಟದ ಸ್ಥಾನವನ್ನು ತಂದುಕೊಟ್ಟದ್ದು 1876ರಿಂದ ನಡೆದುಬಂದ ಕ್ರಿಕೆಟ್ ಉತ್ಸವ. ಕೌಂಟಿಗಳ, ಎಂದರೆ ಪ್ರಾಂತ್ಯವಾರು ತಂಡಗಳ, ಪಂದ್ಯಾವಳಿ ಮುಗಿಯುತ್ತ ಬರುವ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಆರಂಭದ ದಿನಗಳಲ್ಲಿ, ಹೆಸರಾಂತ ಆಟಗಾರರನ್ನು ಕರೆಸಿ, ಅಂಕಪಟ್ಟಿಯ ಹಂಗಿಲ್ಲದ ಪಂದ್ಯಗಳನ್ನು ಆಡಿಸುವುದು ಇದರ ಕ್ರಮವಾಗಿತ್ತು. ಹೋಟೆಲುಗಳಿಗೂ ವಸತಿಗೃಹಗಳಿಗೂ ಇದರಿಂದ ಬೇಸಗೆಯ ವ್ಯಾಪಾರ ಇನ್ನೆರಡು ವಾರ ಮುಂದುವರಿಯುತ್ತಿದ್ದುದರಿಂದ ಪಟ್ಟಣದ ಹಿತವೂ ಕ್ಲಬ್ಬಿನ ಹಿತವೂ ಒಂದಾಗಿದ್ದವು. ಮೈದಾನದ ಅಂಚಿನಲ್ಲಿ ಗಣ್ಯರಿಗಾಗಿ ಡೇರೆಗಳನ್ನು ಹಾಕಲಾಗುತ್ತಿತ್ತು, ಆಟ ನಡೆಯುತ್ತಿರುವಾಗಲೇ ವಾದ್ಯವೃಂದ ನುಡಿಯುತ್ತಿತ್ತು. ಒಟ್ಟಿನಲ್ಲಿ ಅದಕ್ಕೆ ಸ್ಪರ್ಧೆಗಿಂತ ಜಾತ್ರೆಯ ಕಳೆಯೇ ಹೆಚ್ಚು.

ಉತ್ಸವದ ಹಿಂದೆ ಇಬ್ಬರಿದ್ದರು. ಒಬ್ಬರು ಪಟ್ಟಣದಲ್ಲಿ ಬೇಸಗೆಯ ಬಂಗಲೆಯನ್ನು ಹೊಂದಿದ್ದ ಲಾರ್ಡ್ ಲಂಡ್ಸ್‌ಬರೋ. 1871ರಲ್ಲಿ ಇದೇ ಬಂಗಲೆಯಲ್ಲಿ ಅತಿಥಿಯಾಗಿ ತಂಗಿದ್ದ ಯುವರಾಜ ಎಡ್ವರ್ಡ್, ಬಳಿಕ ಟೈಫಾಯಿಡ್ ತಗುಲಿ ಸಾವಿನಂಚಿಗೆ ಹೋಗಿ ಬಂದದ್ದರಿಂದ ಆರೋಗ್ಯಧಾಮವೆಂಬ ಊರಿನ ಕೀರ್ತಿಗೆ ಕೊಂಚ ಮುಜುಗರವಾಗಿದ್ದಿರಬೇಕು. ಇನ್ನೊಬ್ಬರು ಸಿ. ಐ. ಥಾರ್ನ್‌ಟನ್, ಚೆಂಡನ್ನು ಬಲವಾಗಿ ಬಾರಿಸುವುದಕ್ಕೇ ಪ್ರಸಿದ್ಧರಾಗಿದ್ದ ದಾಂಡಿಗ. 1886ರ ಉತ್ಸವದಲ್ಲಿ ಅವರು 70 ನಿಮಿಷಗಳಲ್ಲಿ ಔಟಾಗದೆ 107 ರನ್ ಹೊಡೆದರು. ಅಷ್ಟೂ ರನ್ನುಗಳು ಬಂದದ್ದು 29 ಹೊಡೆತಗಳಿಂದ, ಅವುಗಳಲ್ಲಿ 8 ಸಿಕ್ಸರ್, 12 ಬೌಂಡರಿ. ಆ ಕಾಲದಲ್ಲಿ ಚೆಂಡು ಗೆರೆಯನ್ನು ಹಾರಿ ದಾಟಿದರೆ ಸಾಮಾನ್ಯವಾಗಿ ನಾಲ್ಕೇ ರನ್; ಆರು ರನ್ ದಕ್ಕಬೇಕಾದರೆ ಚೆಂಡು ಮೈದಾನವನ್ನೇ ಬಿಟ್ಟು ಹೊರಗೆ ಬೀಳಬೇಕಿತ್ತೆಂಬುದನ್ನು ನೆನೆದರೆ ಆ ಎಂಟರ ತೂಕ ತಿಳಿಯುತ್ತದೆ. ಅವುಗಳಲ್ಲೊಂದು ಪಕ್ಕದ ಮನೆಗಳ ಮೇಲಿಂದ ಹಾರಿ ಟ್ರಫಾಲ್ಗರ್ ಸ್ಕ್ವೇರ್ ಎಂಬ ಬೀದಿಗೆ ಬಿದ್ದಿತು. ಲಂಡನ್ನಿನ ಚೌಕಕ್ಕೂ ಇದೇ ಹೆಸರಿರುವುದರಿಂದ ಆ ಹೊಡೆತದ ಸುತ್ತ ತಮಾಷೆಯ ಕಥೆಗಳು ಹುಟ್ಟಿಕೊಂಡದ್ದು ಸಹಜವೇ.

ಉತ್ಸವದ ಪಂದ್ಯಗಳಲ್ಲಿ ಸಮಾಜದ ಚರಿತ್ರೆಗೆ ಹೆಚ್ಚು ಬೆಲೆಯುಳ್ಳದ್ದು ಜಂಟಲ್‌ಮೆನ್ ಮತ್ತು ಪ್ಲೇಯರ್ಸ್ ತಂಡಗಳ ಪಂದ್ಯ. ಜಂಟಲ್‌ಮೆನ್ ಎಂದರೆ ಸಂಬಳವಿಲ್ಲದೆ ಆಡುವ ಹವ್ಯಾಸಿಗಳು, ಬಹುಪಾಲು ಉಳ್ಳವರ ಮನೆಯ ಮಕ್ಕಳು. ಪ್ಲೇಯರ್ಸ್ ಎಂದರೆ ಕೂಲಿಗೆ ಆಡುವ ವೃತ್ತಿಪರರು. 1806ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಈ ಪಂದ್ಯವು ಸ್ಕಾರ್‌ಬರೋದ ಉತ್ಸವದಲ್ಲಿಯೂ ನೆಲೆಯೂರಿತು. ಅನೇಕ ಮೈದಾನಗಳಲ್ಲಿ ಎರಡು ವರ್ಗಗಳಿಗೂ ಬೇರೆ ಬೇರೆ ಕೊಠಡಿ, ಬೇರೆ ಬೇರೆ ಬಾಗಿಲು ಇದ್ದವು. ಮುದ್ರಿತ ಸ್ಕೋರು ಪಟ್ಟಿಯಲ್ಲಿ ಹವ್ಯಾಸಿಯ ಇನಿಶಿಯಲ್ ಮನೆತನದ ಹೆಸರಿನ ಮುಂಚೆಯೂ ವೃತ್ತಿಪರನದು ಅದರ ನಂತರವೂ ಬರುತ್ತಿದ್ದುದರಿಂದ, ಪಟ್ಟಿಯನ್ನು ನೋಡಿದ ಮಾತ್ರಕ್ಕೆ ಆಟಗಾರನ ಅಂತಸ್ತು ತಿಳಿಯುತ್ತಿತ್ತು. ಹವ್ಯಾಸಿಗಳು ಹಣ ಮುಟ್ಟುತ್ತಿರಲಿಲ್ಲವೆಂಬುದು ಮಾತ್ರ ಅರ್ಧಸತ್ಯ: ಹವ್ಯಾಸಿಯೆನಿಸಿಕೊಂಡಿದ್ದ ಹೆಸರಾಂತ ಆಟಗಾರ ಡಬ್ಲ್ಯು. ಜಿ. ಗ್ರೇಸ್ ಖರ್ಚುವೆಚ್ಚದ ಹೆಸರಿನಲ್ಲಿ ಪಡೆದದ್ದು ಯಾವ ವೃತ್ತಿಪರನ ಗಳಿಕೆಗೂ ಕಡಿಮೆಯದಾಗಿರಲಿಲ್ಲ. ಆಟದ ಮಟ್ಟವಾದರೋ ಅಂತಸ್ತಿನ ಶ್ರೇಣಿಯನ್ನು ಲೆಕ್ಕಿಸಲಿಲ್ಲ. ಈ ಪಂದ್ಯಗಳ ದೀರ್ಘ ಚರಿತ್ರೆಯಲ್ಲಿಯೇ ಅತಿ ಹೆಚ್ಚಿನ ವೈಯಕ್ತಿಕ ಮೊತ್ತವನ್ನು, ಔಟಾಗದೆ 266 ರನ್ನುಗಳನ್ನು, 1925ರಲ್ಲಿ ಸ್ಕಾರ್‌ಬರೋದಲ್ಲಿ ಹೊಡೆದ ಜ್ಯಾಕ್ ಹಾಬ್ಸ್ ವೃತ್ತಿಪರರ ಸಾಲಿಗೇ ಸೇರಿದವರು.

ಮೊದಲ ಮಹಾಯುದ್ಧದಲ್ಲಿ ಉತ್ಸವ ನಿಂತಿತು. 1914ರ ಡಿಸೆಂಬರ್ 16ರಂದು ಜರ್ಮನ್ ಯುದ್ಧನೌಕೆಗಳು ಪಟ್ಟಣದ ಮೇಲೆಯೇ ಗುಂಡಿನ ಮಳೆಗರೆದಿದ್ದವು. ಆ ಯುದ್ಧದ ನಂತರವೂ ಎರಡನೆಯ ಮಹಾಯುದ್ಧದ ನಂತರವೂ ಜನ ಮತ್ತೆ ನೆರೆದರು. ಇಂಗ್ಲೆಂಡಿಗೆ ಬರುವ ವಿದೇಶಿ ತಂಡಗಳು ಪ್ರವಾಸದ ಕೊನೆಯ ಹಂತದಲ್ಲಿ ಇಲ್ಲಿ ಆಡುವುದು ವಾಡಿಕೆಯಾಗಿತ್ತು. ಆಸ್ಟ್ರೇಲಿಯದ ದಾಂಡಿಗ ಡಾನ್ ಬ್ರಾಡ್‌ಮನ್ 1934ರಲ್ಲಿ ಇಲ್ಲಿ ಊಟದ ವಿರಾಮಕ್ಕೆ ಮುನ್ನವೇ 132 ರನ್ ಬಾರಿಸಿದ್ದರು. ಇಂಗ್ಲೆಂಡಿನ ನೆಲದಲ್ಲಿ ಅವರ ಕೊನೆಯ ಪ್ರಥಮ ದರ್ಜೆ ಇನ್ನಿಂಗ್ಸ್, 1948ರ 153 ರನ್ನುಗಳದು, ಆಡಿದ್ದೂ ಇಲ್ಲಿಯೇ.

ಜಂಟಲ್‌ಮೆನ್-ಪ್ಲೇಯರ್ಸ್ ಪಂದ್ಯದ ಕೊನೆಯೂ ಇದೇ ಮೈದಾನದಲ್ಲಾಯಿತು. 1962ರ ಸೆಪ್ಟೆಂಬರ್‌ನಲ್ಲಿ, ಯಾರ್ಕ್‌ಷೈರಿನ ಗಣಿ ಕಾರ್ಮಿಕರ ಮನೆತನದಿಂದ ಬಂದ ವೇಗದ ಬೌಲರ್ ಫ್ರೆಡ್ ಟ್ರೂಮನ್‌ರ ನಾಯಕತ್ವದಲ್ಲಿ ಪ್ಲೇಯರ್ಸ್ ತಂಡ 7 ವಿಕೆಟ್‌ಗಳಿಂದ ಗೆದ್ದಿತು. ಅದೇ ವರ್ಷ ಕೌಂಟಿಗಳು ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನು ತೆಗೆದುಹಾಕಲು ನಿರ್ಧರಿಸಿದ್ದರಿಂದ, 150ಕ್ಕೂ ಹೆಚ್ಚು ವರ್ಷಗಳ ಸಂಪ್ರದಾಯ ಅಲ್ಲಿಗೆ ಮುಗಿಯಿತು.

ಅದಾದ ಮೇಲೆ ಸೀಮಿತ ಓವರ್‌ಗಳ ಆಟ ಬಂದಿತು. 1976ರಲ್ಲಿ ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ತಂಡಗಳು ಇಲ್ಲಿ ಆಡಿದ ಏಕದಿನ ಪಂದ್ಯದಲ್ಲಿ ವಿವಿಯನ್ ರಿಚರ್ಡ್ಸ್ ಔಟಾಗದೆ 119 ರನ್ ಗಳಿಸಿದರು. ಇಯಾನ್ ಬಾಥಮ್‌ರ ಮೊದಲ ಏಕದಿನ ಪಂದ್ಯವೂ ಅದೇ. 1978ರಲ್ಲಿ ನ್ಯೂಜಿಲೆಂಡ್ ವಿರುದ್ಧ ಇನ್ನೊಂದು ಪಂದ್ಯ ನಡೆಯಿತು. ಯಾರ್ಕ್‌ಷೈರ್ ಕೌಂಟಿಯ ಮುಖ್ಯ ನೆಲೆ ಲೀಡ್ಸ್ ನಗರದ ಹೆಡಿಂಗ್ಲಿಯಾಗಿದ್ದರೂ, ಅದರ ಕೆಲವು ಪಂದ್ಯಗಳನ್ನು ಈ ಕಡಲತೀರದಲ್ಲಿ ಆಡಿಸುವ ಪದ್ಧತಿ ಉಳಿದುಬಂದಿದೆ.

ಉತ್ಸವದ ಪ್ರಭೆಯಲ್ಲಿ ಕ್ಲಬ್ಬಿನ ಸ್ವಂತ ತಂಡದ ಸಾಧನೆ ಮಸುಕಾಗಿ ಕಾಣುವುದು ನ್ಯಾಯವಲ್ಲ. 1972ರಿಂದ 1982ರ ನಡುವೆ ಇಂಗ್ಲೆಂಡಿನ ಕ್ಲಬ್ಬುಗಳ ರಾಷ್ಟ್ರೀಯ ನಾಕೌಟ್ ಪಂದ್ಯಾವಳಿಯನ್ನು ಸ್ಕಾರ್‌ಬರೋ ಐದು ಬಾರಿ ಗೆದ್ದಿದೆ.